ಇನ್ನೊಂದೋ, ಬೇರೊಂದೋ? ವ್ಯತ್ಯಾಸವೋ, ಅಂತರವೋ? ಬಿಡಿಸಿ ಹೇಳುವ ಪದಗಳ ಒಂದು ಹೋಲಿಕೆ

ಕೆಲವು ವರ್ಷಗಳ ಹಿಂದೆ, ನಾಲ್ಕು ದಿನ ಮನೆಯಿಂದ ಹೊರಗಿರಬೇಕಾಗಿ ಬಂದಾಗ, ಅಮ್ಮನಿಗೆ ಒಂದು ಚೀಟಿ ಬರೆದಿಟ್ಟಿದ್ದೆ. ‘ಬೆಳಗ್ಗೆ ತಿಂಡಿ ಆದ ಮೇಲೆ ಒಂದು ಮಾತ್ರೆ, ರಾತ್ರಿ ಇನ್ನೊಂದು.’ ಡಬ್ಬಿಯಲ್ಲಿ ಎರಡು ಬಗೆಯ ಮಾತ್ರೆಗಳಿದ್ದವು. ನನ್ನ ತಲೆಯಲ್ಲಿ ‘ಇನ್ನೊಂದು’ ಅಂದರೆ ಎರಡನೆಯ ಬಗೆಯದು. ಅಮ್ಮ ಓದಿಕೊಂಡದ್ದು ‘ಅದೇ ಮಾತ್ರೆ, ಮತ್ತೆ ಒಂದು’ ಅಂತ. ಎರಡು ದಿನ ಹಾಗೇ ನುಂಗಿದ್ದರು. ಪುಣ್ಯಕ್ಕೆ ಏನೂ ತೊಂದರೆ ಆಗಲಿಲ್ಲ. ಆದರೆ ಅವರು ತಪ್ಪು ಓದಿರಲಿಲ್ಲ. ನಾನು ಬರೆದ ಸಾಲಿಗೆ ಆ ಅರ್ಥವೂ ಇತ್ತು.

ಅಂದಿನಿಂದ ಈ ಪದಗಳ ಮೇಲೆ ನನಗೆ ಒಂದು ಕಣ್ಣು. ಬರೆಯುವ ಗೆಳೆಯರು, ಅನುವಾದ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರು ಆಗಾಗ ಕೇಳುತ್ತಾರೆ. ‘ವ್ಯತ್ಯಾಸ ಅನ್ನಲಾ, ಅಂತರ ಅನ್ನಲಾ?’ ‘ಬೇರೆ ಅಂದರೆ ಸಾಕಾ, ಭಿನ್ನ ಅನ್ನಬೇಕಾ?’ ‘ಬೇರ್ಪಡಿಸಿ, ವಿಂಗಡಿಸಿ ಎರಡೂ ಒಂದೇ ಅಲ್ವಾ?’ ಒಂದೇ ಅಲ್ಲ. ಎರಡು ವಸ್ತುಗಳನ್ನು ಬಿಡಿಸಿ ಹೇಳುವ ಪ್ರತಿ ಪದವೂ ಅವುಗಳ ನಡುವೆ ಎಂಥ ಗೆರೆ ಇದೆ ಎನ್ನುವುದನ್ನೂ ಜೊತೆಗೇ ಹೇಳಿಬಿಡುತ್ತದೆ. ನಮಗೆ ಗೊತ್ತಿಲ್ಲದೆಯೇ ಹೇಳಿಬಿಡುತ್ತದೆ. ಹಾಗಾಗಿ ಆರಿಸುವ ಮುಂಚೆ ಗೆರೆ ಎಂಥದ್ದು ಅಂತ ನೋಡಿಕೊಳ್ಳಬೇಕು.

ಮೊದಲು ಅಳತೆಗೋಲು

ನಾನು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮುಂದಿರುವುದು ಒಂದೇ ಬಗೆಯ ಎರಡು ವಸ್ತುವೋ, ಎರಡು ಬಗೆಯ ವಸ್ತುವೋ? ಚೀಟಿಯಲ್ಲಿ ನಾನು ಎಡವಿದ್ದು ಇಲ್ಲೇ.

ಈ ಗೆರೆಯನ್ನು ಅಳೆಯಬಹುದಾ? ವಯಸ್ಸು, ದೂರ, ಮತಗಳ ಸಂಖ್ಯೆ ಇವೆಲ್ಲ ಅಳತೆಗೆ ಸಿಗುತ್ತವೆ. ರುಚಿ, ಸ್ವಭಾವ, ಅಭಿಪ್ರಾಯ ಸಿಗುವುದಿಲ್ಲ.

ಮೇಲು ಕೀಳು ಎನ್ನುವ ಮಾತು ಇದರಲ್ಲಿ ಸೇರಿದೆಯಾ? ಎರಡು ವಸ್ತು ಬೇರೆ ಎನ್ನುವುದು ಒಂದು ಮಾತು. ಒಂದಕ್ಕೆ ಹೆಚ್ಚು ಕೊಟ್ಟು ಇನ್ನೊಂದಕ್ಕೆ ಕಡಿಮೆ ಕೊಟ್ಟರು ಎನ್ನುವುದು ಬೇರೆಯೇ ಮಾತು.

ಕೊನೆಯದು, ಓದುವವರು ತಿರುಗಿ ಕೇಳುವ ಹಾಗಿದೆಯಾ? ಎದುರು ಕೂತು ಮಾತಾಡುವಾಗ ‘ಯಾವುದು ಅಂದಿರಿ?’ ಅಂತ ಕೇಳಬಹುದು. ಚೀಟಿ, ಸೂಚನಾ ಫಲಕ, ಕರಾರು ಪತ್ರ ಇವುಗಳನ್ನು ಕೇಳಲು ಆಗುವುದಿಲ್ಲ. ಸ್ಪಷ್ಟವಾದ ಪದಕ್ಕೆ ಕೆಲವೊಮ್ಮೆ ಜಾಸ್ತಿ ಜಾಗ ಬೇಕು. ಆ ಜಾಗ ಖರ್ಚು ಮಾಡಬೇಕೋ ಬೇಡವೋ ಎನ್ನುವುದು ಈ ಪ್ರಶ್ನೆಯ ಮೇಲೆ ನಿಂತಿದೆ.

ಇನ್ನೊಂದು, ಮತ್ತೊಂದು, ಬೇರೊಂದು

ದಿನಾ ಬಳಸುವ ಪದಗಳು ಇವೇ. ದಿನಾ ತೊಂದರೆ ಕೊಡುವವೂ ಇವೇ.

‘ಇನ್ನೊಂದು’ ಅಂದರೆ ಇನ್ನೂ ಒಂದು. ಇರುವುದರ ಮೇಲೆ ಸೇರಿಸು ಎನ್ನುವುದು ಅದರ ಮೂಲ ಗುಣ. ‘ಇನ್ನೊಂದು ಲೋಟ ಕೊಡಿ’ ಅಂದರೆ ಈಗ ಇರುವ ಲೋಟ ಇರಲಿ, ಜೊತೆಗೆ ಒಂದು ಬೇಕು. ‘ಬೇರೆ ಲೋಟ ಕೊಡಿ’ ಅಂದರೆ ಇದು ಬೇಡ, ಬದಲಿಸಿ ಕೊಡಿ. ಲೋಟ ಒಡೆದಿದೆಯೋ, ತೊಳೆದಿಲ್ಲವೋ, ಏನೋ ಒಂದು ತಕರಾರು ‘ಬೇರೆ’ಯಲ್ಲಿ ಇದ್ದೇ ಇರುತ್ತದೆ. ಕೇಳುವವರಿಗೂ ಅದು ತಟ್ಟುತ್ತದೆ.

ಆದರೆ ಜೋಡಿಯಾಗಿ ಇರುವ ವಸ್ತುಗಳ ವಿಷಯ ಬಂದಾಗ ‘ಇನ್ನೊಂದು’ ತನ್ನ ಗುಣ ಬದಲಿಸುತ್ತದೆ. ‘ಒಂದು ಕಣ್ಣು ಕೆಂಪಾಗಿದೆ, ಇನ್ನೊಂದು ಚೆನ್ನಾಗಿದೆ.’ ಇಲ್ಲಿ ಯಾರೂ ಕಣ್ಣು ಸೇರಿಸುತ್ತಿಲ್ಲ. ಎರಡರಲ್ಲಿ ಉಳಿದದ್ದು ಎನ್ನುವುದೇ ಅರ್ಥ. ಕೈ, ಕಾಲು, ದಡ, ಚಪ್ಪಲಿ, ನಾಣ್ಯದ ಮುಖ ಇವುಗಳ ಜೊತೆ ಗೊಂದಲವೇ ಇಲ್ಲ. ಎರಡೇ ಇರುವುದು ಅಂತ ಎಲ್ಲರಿಗೂ ಗೊತ್ತು. ಇದೇ ಜಾಗದಲ್ಲಿ ‘ಬೇರೊಂದು ಕಣ್ಣು’ ಅಂತ ಹಾಕಿ ನೋಡಿ. ಯಾರದೋ ಕಣ್ಣು ತಂದಿಟ್ಟ ಹಾಗೆ ಕೇಳುತ್ತದೆ. ನನ್ನ ಮಟ್ಟಿಗೆ ಇದು ಒಳ್ಳೆಯ ಪರೀಕ್ಷೆ. ‘ಬೇರೊಂದು’ ಹಾಕಿದಾಗ ವಾಕ್ಯ ವಿಚಿತ್ರ ಅನ್ನಿಸಿದರೆ ನೀವು ಮಾತಾಡುತ್ತಿರುವುದು ಗೊತ್ತಿರುವ ಒಂದು ಜೋಡಿಯ ಬಗ್ಗೆ. ಅಲ್ಲಿ ‘ಇನ್ನೊಂದು’ ನಿಶ್ಚಿಂತೆಯಿಂದ ಬರೆಯಬಹುದು.

ಅಪಾಯ ಇರುವುದು ಎರಡು ಅರ್ಥವೂ ಹೊಂದುವ ಜಾಗದಲ್ಲಿ. ಮಾತ್ರೆ, ಅರ್ಜಿ, ಕೀಲಿ, ಕಂತು, ಕಡತ ಇಂಥವು. ‘ಇನ್ನೊಂದು ಅರ್ಜಿ ಕೊಡಿ’ ಅಂದರೆ ಅದೇ ಅರ್ಜಿಯ ಎರಡನೆಯ ಪ್ರತಿಯೋ, ಬೇರೆ ನಮೂನೆಯ ಅರ್ಜಿಯೋ? ಇಲ್ಲಿ ಒಂದು ಪದ ಉಳಿಸಲು ಹೋಗಬೇಡಿ. ‘ಅದೇ ಅರ್ಜಿಯ ಇನ್ನೊಂದು ಪ್ರತಿ’ ಅನ್ನಿ. ಅಥವಾ ‘ಬೇರೆ ನಮೂನೆಯ ಅರ್ಜಿ’ ಅನ್ನಿ.

‘ಮತ್ತೊಂದು’ ಹೆಚ್ಚೂ ಕಡಿಮೆ ‘ಇನ್ನೊಂದು’ ಇದ್ದ ಹಾಗೇ. ಬರಹದಲ್ಲಿ ಸ್ವಲ್ಪ ಜಾಸ್ತಿ, ಮಾತಿನಲ್ಲಿ ಸ್ವಲ್ಪ ಕಡಿಮೆ. ಇದರ ನಿಜವಾದ ಉಪಯೋಗ ಮೂರು ವಸ್ತುಗಳಿರುವಾಗ. ಒಂದು, ಇನ್ನೊಂದು, ಮತ್ತೊಂದು. ಒಬ್ಬ ಹಾಡಿದ, ಇನ್ನೊಬ್ಬ ಕುಣಿದ, ಮತ್ತೊಬ್ಬ ಸುಮ್ನೆ ಕೂತಿದ್ದ. ಮೂವರೂ ಕಣ್ಣ ಮುಂದೆ ಸಾಲಾಗಿ ನಿಲ್ಲುತ್ತಾರೆ. ನಾಲ್ಕನೆಯದು ಬಂದರೆ ‘ಮಗದೊಂದು’ ಇದೆ. ಆದರೆ ಅಷ್ಟು ದೂರ ಹೋಗುವ ಬದಲು ಮೊದಲನೆಯದು, ಎರಡನೆಯದು ಅಂತ ಎಣಿಸುವುದೇ ಓದುವವರಿಗೆ ಸುಲಭ.

‘ಇತರ’ ಮತ್ತು ‘ಅನ್ಯ’ ಇದೇ ಬೀದಿಯವು. ‘ಇತರ’ ಉಳಿದವೆಲ್ಲ ಎನ್ನುವುದಕ್ಕೆ ಸರಿ. ಅರ್ಜಿ ನಮೂನೆಗಳ ಕೊನೆಯಲ್ಲಿ ‘ಇತರೆ’ ಅಂತ ಕಾಣುತ್ತದೆ. ಅದು ಬಳಕೆಯಲ್ಲಿ ಬೇರು ಬಿಟ್ಟಿದೆ ನಿಜ, ಆದರೂ ‘ಇತರ’ ಬರೆದರೆ ಯಾರೂ ತಪ್ಪು ಹುಡುಕಲಾರರು. ‘ಅನ್ಯ’ದಲ್ಲಿ ಮಾತ್ರ ಎಚ್ಚರ ಬೇಕು. ಅನ್ಯಗ್ರಹ, ಅನ್ಯಭಾಷೆ, ಅನ್ಯರು. ಪ್ರತಿಯೊಂದರಲ್ಲೂ ‘ನಮ್ಮದಲ್ಲ’ ಎನ್ನುವ ದೂರವಿದೆ. ಜನರ ಬಗ್ಗೆ ಬರೆಯುವಾಗ ಆ ದೂರ ನಿಮಗೆ ನಿಜವಾಗಿ ಬೇಕಾ ಅಂತ ಒಮ್ಮೆ ನೋಡಿಕೊಳ್ಳಿ.

‘ಬೇರೆ’ ಎಂಬ ಗಟ್ಟಿ ಪದ

ಈ ಎಲ್ಲ ಪದಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಬೇರೆ’. ಅಚ್ಚಗನ್ನಡದ್ದು. ತಮಿಳು, ತೆಲುಗು, ಮಲಯಾಳಗಳಲ್ಲೂ ಇದರ ಒಡಹುಟ್ಟುಗಳಿವೆ. ಹಳಗನ್ನಡದಲ್ಲಿ ಇದನ್ನು ‘ಬೇಱೆ’ ಅಂತ, ಶಕಟರೇಫ ಎನ್ನುವ ಇನ್ನೊಂದು ಬಗೆಯ ರಕಾರ (ಱ) ಹಾಕಿ ಬರೆಯುತ್ತಿದ್ದರು. ಗಿಡದ ಬೇರಿಗೆ ಮಾಮೂಲಿ ರಕಾರ. ಎರಡು ಅಕ್ಷರ, ಎರಡು ಉಚ್ಚಾರ, ಎರಡು ಪದ. ಮುಂದೆ ಶಕಟರೇಫ ಬಳಕೆಯಿಂದ ಹೋಯಿತು. ಗಿಡದ ‘ಬೇರು’ ಮತ್ತು ಬೇರ್ಪಡಿಸುವ ‘ಬೇರೆ’ ಒಂದೇ ಮೂಲದವು ಅಂತ ಅನ್ನಿಸಲು ಶುರುವಾಯಿತು. ತಮಿಳಿನಲ್ಲಿ ಇವತ್ತಿಗೂ ಈ ಎರಡನ್ನು ಎರಡು ಬೇರೆ ರಕಾರಗಳಲ್ಲೇ ಬರೆಯುತ್ತಾರೆ.

ಲೋಟ ಬದಲಿಸಿ ಕೇಳುವಾಗಿನ ತಕರಾರು ಬಿಟ್ಟರೆ, ಎರಡನ್ನು ಹೋಲಿಸುವಾಗ ‘ಬೇರೆ’ಯ ಹೆಚ್ಚುಗಾರಿಕೆ ಎಂದರೆ ಅದು ಯಾವ ತೀರ್ಪನ್ನೂ ಹೇರುವುದಿಲ್ಲ. ‘ಅವರ ಪದ್ಧತಿ ಬೇರೆ, ನಮ್ಮದು ಬೇರೆ.’ ಯಾವುದು ಮೇಲು ಅಂತ ಹೇಳಲಿಲ್ಲ. ಎಷ್ಟು ದೂರ ಅಂತಲೂ ಹೇಳಲಿಲ್ಲ. ಮಕ್ಕಳಿಗೆ, ಹಿರಿಯರಿಗೆ, ಕನ್ನಡ ಈಗ ಕಲಿಯುತ್ತಿರುವವರಿಗೆ ಎಲ್ಲರಿಗೂ ತಿಳಿಯುತ್ತದೆ. ಜಾಗವೂ ಕಡಿಮೆ ಸಾಕು.

ಇದರ ಕೊರತೆ ಎಂದರೆ ಹೊರೆ ಜಾಸ್ತಿ. ಒಂದೇ ಪದ ಹಲವು ಕೆಲಸ ಮಾಡುತ್ತದೆ. ‘ಅಣ್ಣತಮ್ಮಂದಿರು ಬೇರೆಯಾದರು’ ಅಂದರೆ ಮನೆ ಪಾಲಾಯಿತು. ‘ಬೇರೆ ಬೇರೆ ಹಣ್ಣು’ ಅಂದರೆ ಹಲವು ಬಗೆಯವು, ‘ಬೇರೆ ಬೇರೆಯಾಗಿ ಇಡಿ’ ಅಂದರೆ ಒಟ್ಟಿಗೆ ಇಡಬೇಡಿ. ‘ತಡವಾಗಿದೆ, ಮಳೆ ಬೇರೆ ಬರ್ತಿದೆ’ ಅಂದಾಗ ಮಳೆ ಯಾವುದರಿಂದಲೂ ಬೇರೆಯಾಗಿಲ್ಲ. ಒಂದು ಕಷ್ಟದ ಮೇಲೆ ಇನ್ನೊಂದು ಬಂತು ಅಂತ ಅಷ್ಟೇ. ಈ ಕೊನೆಯ ಬಳಕೆ ಎಷ್ಟು ಚೆಂದ! ಅದನ್ನು ‘ಜೊತೆಗೆ’, ‘ಅಲ್ಲದೆ’ ಅಂತ ತಿದ್ದಿ ಬರೆದರೆ ಆ ಬೇಸರದ ಉಸಿರೇ ಹೋಗಿಬಿಡುತ್ತದೆ. ಇನ್ನು ‘ನೀವೇನು ಬೇರೆಯವರಾ?’ ಎನ್ನುವ ಮಾತಿನ ಬೆಚ್ಚಗಿನ ಅರ್ಥಕ್ಕೆ ಈ ಪದ ಬಿಟ್ಟರೆ ಗತಿಯಿಲ್ಲ.

ವ್ಯತ್ಯಾಸ, ಅಂತರ, ಭೇದ, ತಾರತಮ್ಯ

ಜನ ಜಾಸ್ತಿ ಒದ್ದಾಡುವುದು ಈ ನಾಲ್ಕರಲ್ಲಿ. ನಾಲ್ಕೂ ಸಂಸ್ಕೃತದಿಂದ ಬಂದವು. ಕನ್ನಡಕ್ಕೆ ಬಂದ ಮೇಲೆ ನಾಲ್ಕೂ ತಮ್ಮ ತಮ್ಮ ದಾರಿ ಹಿಡಿದಿವೆ.

‘ವ್ಯತ್ಯಾಸ’ಕ್ಕೆ ಮೂಲದಲ್ಲಿ ಅದಲು ಬದಲು, ತಲೆಕೆಳಗು ಎನ್ನುವ ಅರ್ಥವಿತ್ತು. ಕನ್ನಡದಲ್ಲಿ ಇವತ್ತು ಇದು ಎಲ್ಲಕ್ಕೂ ಒಗ್ಗುವ ಪದ. ಬಣ್ಣದಲ್ಲಿ ವ್ಯತ್ಯಾಸ, ರುಚಿಯಲ್ಲಿ ವ್ಯತ್ಯಾಸ, ಲೆಕ್ಕದಲ್ಲಿ ವ್ಯತ್ಯಾಸ. 15ರಲ್ಲಿ 9 ಕಳೆದರೆ ಉಳಿಯುವ 6 ಕೂಡ ವ್ಯತ್ಯಾಸವೇ. ಯಾವುದು ಹಾಕಬೇಕು ಅಂತ ತೋಚದಿದ್ದಾಗ ಇದನ್ನೇ ಹಾಕಿ. ತೀರ್ಪಿಲ್ಲ, ಅಳತೆಯ ಕಟ್ಟುಪಾಡಿಲ್ಲ. ಒಂದೇ ಎಚ್ಚರಿಕೆ. ‘ಲೆಕ್ಕದಲ್ಲಿ ವ್ಯತ್ಯಾಸ ಬಂದಿದೆ’ ಅಂದರೆ ತಪ್ಪಾಗಿದೆ ಎನ್ನುವ ಧ್ವನಿ ಬರುತ್ತದೆ. ‘ಆರೋಗ್ಯದಲ್ಲಿ ವ್ಯತ್ಯಾಸ’ ಅಂದರೆ ಹದಗೆಟ್ಟಿದೆ ಅಂತ. ಒಳ್ಳೆಯ ಬದಲಾವಣೆ ಹೇಳಬೇಕಿದ್ದರೆ ‘ಸುಧಾರಿಸಿದೆ’ ಅಂತ ಬಿಡಿಸಿ ಬರೆಯಿರಿ. ಹಾಗೇ ‘ವ್ಯತ್ಯಯ’ ಎಂಬ ನೆಂಟ ಇದ್ದಾನೆ. ವಿದ್ಯುತ್ ವ್ಯತ್ಯಯ ಅಂದರೆ ನಡೆಯುತ್ತಿದ್ದದ್ದು ನಡುವೆ ನಿಲ್ಲುವುದು. ವಿದ್ಯುತ್ ‘ವ್ಯತ್ಯಾಸ’ ಅಂತ ಬರೆದರೆ ಅರ್ಥವೇ ಬೇರೆ.

‘ಅಂತರ’ದಲ್ಲಿ ಜಾಗ ಇದೆ. ಎರಡು ತುದಿ, ನಡುವೆ ಖಾಲಿ. ಆದ್ದರಿಂದ ಅಳತೆಗೆ ಸಿಗುವ ಕಡೆ ಇದು ಚೆನ್ನ. ‘ಇಬ್ಬರಿಗೂ 6 ವರ್ಷ ಅಂತರ.’ ‘312 ಮತಗಳ ಅಂತರದ ಗೆಲುವು.’ 2020ರಲ್ಲಿ ಎಲ್ಲರ ಬಾಯಲ್ಲೂ ಇದ್ದ ‘ಅಂತರ ಕಾಯ್ದುಕೊಳ್ಳಿ’ ಕೂಡ ಹೀಗೇ. ಅಲ್ಲಿ ‘ವ್ಯತ್ಯಾಸ ಕಾಯ್ದುಕೊಳ್ಳಿ’ ಅಂತ ಯಾರೂ ಬರೆಯಲಾರರು. ಶಾಲೆಯ ಗಣಿತದಲ್ಲಿ ಎರಡೂ ಪದ ಅಕ್ಕಪಕ್ಕದಲ್ಲೇ ಸಿಗುತ್ತವೆ. 3, 7, 11, 15 ಎನ್ನುವಂಥ ಸಾಲಿನ ಹೆಸರು ಸಮಾಂತರ ಶ್ರೇಢಿ. ಅದರಲ್ಲಿ ಪ್ರತಿ ಸಲ ಹೆಚ್ಚುವ ಆ 4ರ ಹೆಸರು ಸಾಮಾನ್ಯ ವ್ಯತ್ಯಾಸ. ಸಾಲಿನ ಸಂಖ್ಯೆಗಳು ಸಮ ದೂರದಲ್ಲಿ ಕೂತಿವೆ ಎನ್ನುವಾಗ ಅಂತರ. ಒಂದರಿಂದ ಇನ್ನೊಂದನ್ನು ಕಳೆದಾಗ ವ್ಯತ್ಯಾಸ.

ಹಿಂದಿಯಿಂದ ಅನುವಾದ ಮಾಡುವವರು ಇಲ್ಲಿ ಜಾರುತ್ತಾರೆ. ಅಲ್ಲಿ ‘ಅಂತರ್’ ಎನ್ನುವುದು ಎಲ್ಲ ಬಗೆಯ ವ್ಯತ್ಯಾಸಕ್ಕೂ ಸಲ್ಲುತ್ತದೆ. ಅದನ್ನು ಹಾಗೇ ಎತ್ತಿ ತಂದು ‘ಇವೆರಡು ಪದಗಳ ಅಂತರವೇನು?’ ಅಂತ ಬರೆದರೆ, ಪದಗಳ ನಡುವೆ ಎಷ್ಟು ಜಾಗ ಬಿಟ್ಟಿದೆ ಅಂತ ಕೇಳಿದ ಹಾಗಿರುತ್ತದೆ. ಹಾಗಂತ ಗುಣಗಳ ಬಗ್ಗೆ ಅಂತರ ಬರುವುದೇ ಇಲ್ಲ ಅಂತಲ್ಲ. ‘ಅಜಗಜಾಂತರ’ ಇದೆಯಲ್ಲ. ಅಜ ಅಂದರೆ ಆಡು, ಗಜ ಅಂದರೆ ಆನೆ. ಆಡಿಗೂ ಆನೆಗೂ ಇರುವಷ್ಟು. ಅಲ್ಲೂ ಕೂಡ ಎಷ್ಟು ದೊಡ್ಡದು ಎನ್ನುವ ಅಳತೆಯೇ ಮುಖ್ಯ. ಇನ್ನೊಂದು ವಿಶೇಷ, ಸಮಾಸದ ಕೊನೆಯಲ್ಲಿ ಕೂತಾಗ ‘ಅಂತರ’ಕ್ಕೆ ‘ಬೇರೊಂದು’ ಎನ್ನುವ ಅರ್ಥ ಬರುತ್ತದೆ. ಬೇರೊಂದು ರೂಪ ರೂಪಾಂತರ, ಬೇರೊಂದು ಭಾಷೆ ಭಾಷಾಂತರ, ಬೇರೊಂದು ಪಾಠ ಪಾಠಾಂತರ.

‘ಭೇದ’ ಒಡೆಯುವ ಪದ. ಸಂಸ್ಕೃತದ ‘ಭಿದ್’ ಧಾತುವಿಗೆ ಒಡೆ, ಸೀಳು ಅಂತಲೇ ಅರ್ಥ. ಕೋಟೆ ಭೇದಿಸುವುದು, ಪೊಲೀಸರು ಪ್ರಕರಣ ಭೇದಿಸುವುದು, ಸಾಮ ದಾನ ಭೇದ ದಂಡ ಎಲ್ಲ ಅಲ್ಲಿಂದಲೇ. ಕಾಗೆಯೂ ಕಪ್ಪು, ಕೋಗಿಲೆಯೂ ಕಪ್ಪು, ಇವೆರಡಕ್ಕೂ ಏನು ಭೇದ ಅಂತ ಕೇಳುವ ಹಳೆಯ ಸಂಸ್ಕೃತ ಸುಭಾಷಿತವೊಂದಿದೆ. ಅಲ್ಲಿ ಆ ಪದಕ್ಕೆ ಕಹಿ ಇಲ್ಲ. ಕನ್ನಡದಲ್ಲಿ ಹಾಗಲ್ಲ. ಜಾತಿಭೇದ, ಲಿಂಗಭೇದ, ಭೇದಭಾವ ಅಂತ ಕೇಳಿ ಕೇಳಿ ಆ ಪದಕ್ಕೆ ಒಂದು ಗಾಯದ ನೆನಪು ಅಂಟಿಕೊಂಡಿದೆ. ಹಾಗಾಗಿ ಎರಡು ಹೂಗಳ ನಡುವೆ ಭೇದ ಹುಡುಕುವುದಕ್ಕಿಂತ ವ್ಯತ್ಯಾಸ ಹುಡುಕುವುದು ಒಳ್ಳೆಯದು. ಅಭಿಪ್ರಾಯಭೇದ, ಪಾಠಭೇದ ಇಂಥ ರೂಢಿಯ ಜೋಡಿಗಳನ್ನು ಹಾಗೇ ಇಟ್ಟುಕೊಳ್ಳಿ. ಬರೆಯುವಾಗ ಮೊದಲ ಅಕ್ಷರವೇ ಮಹಾಪ್ರಾಣ. ಬಹಳ ಜನ ‘ಬೇಧ’ ಅಂತ ತಿರುಗಿಸಿ ಬರೆಯುತ್ತಾರೆ. ಒಡೆಯುವ ‘ಭಿದ್’ ನೆನಪಿದ್ದರೆ ಆ ತಪ್ಪು ಆಗುವುದಿಲ್ಲ.

‘ತಾರತಮ್ಯ’ದ ಕತೆ ಚೆನ್ನಾಗಿದೆ. ಸಂಸ್ಕೃತದಲ್ಲಿ ಎರಡನ್ನು ಹೋಲಿಸುವಾಗ ‘ತರ’, ಎಲ್ಲಕ್ಕಿಂತ ಮೇಲು ಎನ್ನುವಾಗ ‘ತಮ’ ಎನ್ನುವ ಪ್ರತ್ಯಯಗಳು ಬರುತ್ತವೆ. ಈ ತರ, ತಮಗಳ ಸ್ಥಿತಿಯೇ ತಾರತಮ್ಯ. ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಇರುವ ಹೆಚ್ಚು ಕಡಿಮೆ. 13ನೇ ಶತಮಾನದ ಮಧ್ವಾಚಾರ್ಯರ ದರ್ಶನದಲ್ಲಿ ಭೇದ, ತಾರತಮ್ಯ ಎರಡೂ ತಾಂತ್ರಿಕ ಪದಗಳು. ಜೀವ, ಜಡ, ಈಶ್ವರ ಇವುಗಳ ನಡುವೆ ಐದು ಬಗೆಯ ಬೇರೆತನ ಇದೆ ಎನ್ನುವುದು ಪಂಚಭೇದ. ಜೀವರಲ್ಲಿ ಮೆಟ್ಟಿಲುಗಳಿವೆ ಎನ್ನುವುದು ತಾರತಮ್ಯ. ಎರಡು ಪದಗಳ ಗೆರೆಯನ್ನು ಇಷ್ಟು ಖಚಿತವಾಗಿ ಬೇರೆಲ್ಲೂ ಕಾಣುವುದು ಕಷ್ಟ. ಇವತ್ತಿನ ಮಾತಿನಲ್ಲಿ ತಾರತಮ್ಯ ಅಂದರೆ ಅನ್ಯಾಯದ ಹೆಚ್ಚು ಕಡಿಮೆ. ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ಮೇಲೆ ರಾಜ್ಯವು ನಾಗರಿಕರಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಈ ಜಾಗದಲ್ಲಿ ‘ವ್ಯತ್ಯಾಸ’ ಹಾಕಿದರೆ ಮಾತು ಪೊಳ್ಳಾಗುತ್ತದೆ. ಹೆಣ್ಣು ಗಂಡಿನ ವ್ಯತ್ಯಾಸ ಹೇಳುವುದು ಜೀವಶಾಸ್ತ್ರದ ಪಾಠ. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೂಲಿ ಕೊಡುವುದು ತಾರತಮ್ಯ. ಮೆದುವಾಗಿ ಬರೆಯಬೇಕು ಎನ್ನುವ ಆಸೆಯಿಂದ ಇಲ್ಲಿ ಪದ ಬದಲಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅನ್ಯಾಯ ಆದ ಕಡೆ ಅದಕ್ಕೆ ಸಲ್ಲುವ ಪದವನ್ನೇ ಇಡಬೇಕು.

ಉತ್ತರ ಕರ್ನಾಟಕದ ‘ಫರಕು’ ಮಾತಿಗೆ ಬಹಳ ಚೆನ್ನ. ‘ಏನೂ ಫರಕ ಇಲ್ಲ’ ಅಂದಾಗಿನ ಸಲೀಸು ‘ಯಾವುದೇ ವ್ಯತ್ಯಾಸವಿಲ್ಲ’ದಲ್ಲಿ ಇಲ್ಲ. ಕತೆ, ಸಂಭಾಷಣೆಗಳಲ್ಲಿ ಧಾರಾಳವಾಗಿ ಬಳಸಿ.

ಭಿನ್ನ, ವಿಭಿನ್ನ, ಪ್ರತ್ಯೇಕ

‘ಭಿನ್ನ’ವೂ ಅದೇ ಒಡೆಯುವ ಧಾತುವಿನ ಕೂಸು. ಭಿನ್ನರಾಶಿ ಅಂದರೆ ಒಡೆದ ಸಂಖ್ಯೆ. ಭಿನ್ನಗೊಂಡ ವಿಗ್ರಹ ಅಂದರೆ ಮುರಿದದ್ದು. ‘ಅವರ ನಿಲುವು ಭಿನ್ನ’ ಅಂತ ಬರೆದಾಗ ‘ಬೇರೆ’ಗಿಂತ ಸ್ವಲ್ಪ ಗಂಭೀರವಾಗಿ, ಯೋಚಿಸಿ ದೂರ ನಿಂತ ಹಾಗೆ ಕೇಳುತ್ತದೆ. ವಾದ, ವಿಮರ್ಶೆ, ಪ್ರಬಂಧಗಳಿಗೆ ಸರಿ. ಮನೆಯ ಮಾತಿಗೆ ಭಾರ.

‘ವಿಭಿನ್ನ’ದ ಬಗ್ಗೆ ನನ್ನ ಸಲಹೆ ನೇರ. ಸಾಧ್ಯವಾದಷ್ಟು ಬಿಡಿ. ‘ವಿಭಿನ್ನ ಪ್ರಯತ್ನ’, ‘ವಿಭಿನ್ನ ಕಥಾಹಂದರ’ ಅಂತ ಓದಿ ಓದಿ ಅದು ಸವೆದಿದೆ. ಯಾವುದಕ್ಕಿಂತ ಬೇರೆ, ಯಾವುದರಲ್ಲಿ ಬೇರೆ ಅಂತ ಒಂದು ಸಾಲು ಬರೆದರೆ ಆ ಪದದ ಅಗತ್ಯವೇ ಇರುವುದಿಲ್ಲ.

‘ಪ್ರತ್ಯೇಕ’ ಅಂದರೆ ಕನ್ನಡದಲ್ಲಿ ಬೇರೆಯಾಗಿ ಇಟ್ಟದ್ದು. ಪ್ರತ್ಯೇಕ ಕೊಠಡಿ, ಪ್ರತ್ಯೇಕ ಸಾಲು. ಹಿಂದಿಯಲ್ಲಿ ಇದೇ ಪದಕ್ಕೆ ‘ಪ್ರತಿಯೊಂದು’ ಅಂತ ಅರ್ಥ. ‘ಪ್ರತಿಯೊಬ್ಬ ವ್ಯಕ್ತಿಗೂ ಅರ್ಜಿ’ ಅಂತ ಆಗಬೇಕಾದದ್ದು ‘ಪ್ರತ್ಯೇಕ ವ್ಯಕ್ತಿಗೆ ಅರ್ಜಿ’ ಅಂತ ಆಗಿಬಿಟ್ಟರೆ ಯಾರಿಗೆ ಅರ್ಜಿ ಅಂತಲೇ ತಿಳಿಯುವುದಿಲ್ಲ. ಹಿಂದಿಯಿಂದ ತರುವಾಗ ಈ ಪದ ಕಂಡ ಕೂಡಲೇ ನಿಂತು ನೋಡಿ.

ಅಲ್ಲ ಮತ್ತು ಇಲ್ಲ

ಬಿಡಿಸಿ ಹೇಳಲು ಕನ್ನಡಕ್ಕೆ ಸಿಕ್ಕಿರುವ ಅತಿ ಚೂಪಾದ ಸಾಧನ ಇದು. ‘ಅಲ್ಲ’ ಗುರುತನ್ನು ನಿರಾಕರಿಸುತ್ತದೆ. ‘ಇಲ್ಲ’ ಇರುವಿಕೆಯನ್ನು ನಿರಾಕರಿಸುತ್ತದೆ. ‘ಅದು ಹಾವಲ್ಲ’ ಅಂದರೆ ಅಲ್ಲಿ ಏನೋ ಇದೆ, ಆದರೆ ಹಾವಲ್ಲ, ಹಗ್ಗ ಇರಬಹುದು. ‘ಹಾವಿಲ್ಲ’ ಅಂದರೆ ಜಾಗ ಖಾಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಗಾದೆಯಲ್ಲಿ ‘ಹಾಲಿಲ್ಲ’ ಅಂತ ಹಾಕಿದರೆ ಗಾದೆಯೇ ಕುಸಿಯುತ್ತದೆ. ತೆಲುಗಿನಲ್ಲಿ ‘ಕಾದು’, ‘ಲೇದು’ ಅಂತ ಇಂಥದೇ ಜೋಡಿ ಇದೆ. ಹಿಂದಿಯಲ್ಲಿ ‘ನಹೀ’ ಒಂದೇ ಎರಡೂ ಕೆಲಸ ಮಾಡುತ್ತದೆ. ಹಾಗಾಗಿ ಅಲ್ಲಿಂದ ಬಂದ ಪಠ್ಯವನ್ನು ಕನ್ನಡಕ್ಕೆ ತರುವಾಗ ಪ್ರತಿ ಸಲವೂ ನಾವೇ ತೀರ್ಮಾನ ಮಾಡಬೇಕು.

ಒಂದು ಅಕ್ಷರ ಎಷ್ಟು ದೂರ ಒಯ್ಯುತ್ತದೆ ನೋಡಿ. ‘ಅವನಲ್ಲದೆ ಯಾರೂ ಬರಲಿಲ್ಲ.’ ಅವನು ಬಂದ, ಉಳಿದವರು ಬರಲಿಲ್ಲ. ‘ಅವನಿಲ್ಲದೆ ಯಾರೂ ಬರಲಿಲ್ಲ.’ ಅವನು ಜೊತೆಗೆ ಇರದೆ ಬರಲು ಯಾರೂ ಒಪ್ಪಲಿಲ್ಲ. ಸಾಕ್ಷಿ ಹೇಳಿಕೆಯಲ್ಲೋ ಸಭೆಯ ನಡಾವಳಿಯಲ್ಲೋ ಈ ಅಕ್ಷರ ತಪ್ಪಿದರೆ ಯಾರು ಇದ್ದರು ಎನ್ನುವುದೇ ಬದಲಾಗುತ್ತದೆ.

ವಾಕ್ಯ ಕಟ್ಟುವ ಬಗೆ

ಪದ ಸರಿ ಇದ್ದರೂ ಚೌಕಟ್ಟು ಪರಕೀಯವಾಗಿದ್ದರೆ ಓದು ಎಡವುತ್ತದೆ. ‘ಕಾಗೆ ಮತ್ತು ಕೋಗಿಲೆಯ ನಡುವಿನ ವ್ಯತ್ಯಾಸವೇನು?’ ಇದು ಇಂಗ್ಲಿಷಿನ ಅಂಗಿ. ‘ಕಾಗೆಗೂ ಕೋಗಿಲೆಗೂ ಏನು ವ್ಯತ್ಯಾಸ?’ ಇದು ನಮ್ಮ ನಡೆ. ಎರಡು ‘ಊ’ಗಳು ಎರಡನ್ನೂ ಸಮವಾಗಿ ಹಿಡಿದು ನಿಲ್ಲಿಸುತ್ತವೆ. ಪದವೂ ಕಡಿಮೆ. ತಲೆಬರಹಕ್ಕೆ, ಪರೀಕ್ಷೆಯ ಪ್ರಶ್ನೆಗೆ, ಎಲ್ಲಕ್ಕೂ ಇದೇ ಸಾಕು. ‘ನಡುವಿನ’ ಬೇಕಾಗುವುದು ಸಮಾಸಗಳು ಉದ್ದವಾಗಿ, ‘ಗೂ’ ಸೇರಿಸಿದರೆ ನಾಲಿಗೆ ತೊಡರುವಾಗ ಮಾತ್ರ.

‘ಗಿಂತ’ ಕೂಡ ಹೀಗೇ. ಕನ್ನಡದಲ್ಲಿ ಗುಣವಾಚಕ ಬದಲಾಗುವುದಿಲ್ಲ, ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ವೇ ಹೊರುತ್ತದೆ. ‘ಇದು ಅದಕ್ಕಿಂತ ದೊಡ್ಡದು.’ ಮುಗಿಯಿತು. ‘ಅದಕ್ಕಿಂತ ಹೆಚ್ಚು ದೊಡ್ಡದು’ ಅಂತ ಬರೆದರೆ ಹೆಚ್ಚು ಎನ್ನುವುದು ಸುಮ್ನೆ ಕೂತಿರುತ್ತದೆ. ‘ಅತ್ಯಂತ ಶ್ರೇಷ್ಠತಮ’ದಲ್ಲಂತೂ ಒಂದೇ ಮಾತು ಮೂರು ಸಲ ಬಂದಿದೆ.

ಬೇರ್ಪಡಿಸುವ ಕೆಲಸದ ಪದಗಳು

‘ಹಸಿ ಕಸ ಒಣ ಕಸ ಬೇರ್ಪಡಿಸಿ’ ಅಂತ ಕೆಲವು ಫಲಕಗಳಲ್ಲಿ, ‘ವಿಂಗಡಿಸಿ’ ಅಂತ ಕೆಲವದರಲ್ಲಿ ಇರುತ್ತದೆ. ಎರಡರಲ್ಲಿ ಯಾವುದು? ಬೆರೆತದ್ದನ್ನು, ಅಂಟಿದ್ದನ್ನು ಎರಡು ಮಾಡುವುದು ಬೇರ್ಪಡಿಸುವುದು. ಹಲವನ್ನು ಗುಂಪು ಗುಂಪಾಗಿ ಇಡುವುದು ವಿಂಗಡಿಸುವುದು. ಹಸಿ, ಒಣ ಎರಡೇ ಆದರೆ ‘ಬೇರ್ಪಡಿಸಿ’ ಸಾಕು. ಗಾಜು, ಕಾಗದ, ಪ್ಲಾಸ್ಟಿಕ್, ಲೋಹ ಅಂತ ಮುಂದುವರಿದರೆ ‘ವಿಂಗಡಿಸಿ’. ಆ ಗುಂಪುಗಳಿಗೆ ಹೆಸರು, ನಿಯಮ ಎಲ್ಲ ಬಂದರೆ ‘ವರ್ಗೀಕರಿಸಿ’. ನೋಡಿ ತಿಳಿದರೆ ಸಾಕು, ಕೈ ಹಾಕಬೇಕಿಲ್ಲ ಅಂದರೆ ‘ಗುರುತಿಸಿ’.

ಇವುಗಳಿಗಿಂತ ಶ್ರೀಮಂತವಾದದ್ದು ಕಾಳಿನ ಕೆಲಸದ ಮಾತು. ಮೊರದಲ್ಲಿ ಕೇರುವುದು ತೂಕ ನೋಡಿ, ಹಗುರದ ಹೊಟ್ಟು ಹಾರುತ್ತದೆ. ಜರಡಿ ಹಿಡಿಯುವುದು ಗಾತ್ರ ನೋಡಿ. ಜಾಲಿಸುವುದು ನೀರಿನಲ್ಲಿ, ಕಲ್ಲು ಕೆಳಗೆ ಉಳಿಯುತ್ತದೆ. ಸೋಸುವುದು ನೀರಿನಿಂದ ಗಟ್ಟಿಯನ್ನು ತೆಗೆಯಲು. ಆರಿಸುವುದು, ಹೆಕ್ಕುವುದು ಕಣ್ಣಿಂದ, ಒಂದೊಂದಾಗಿ. ಯಾವ ಗುಣ ನೋಡಿ ಬೇರ್ಪಡಿಸಿದರು ಎನ್ನುವುದು ಕ್ರಿಯಾಪದದ ಒಳಗೇ ಇದೆ. ‘ಬಂದ ಅರ್ಜಿಗಳನ್ನು ಜರಡಿ ಹಿಡಿದರು’ ಅಂದರೆ ಒಂದು ಅಳತೆಗೆ ಹಿಡಿದು ಉಳಿದದ್ದನ್ನು ಬಿಟ್ಟರು. ‘ಅರ್ಜಿಗಳಿಂದ ಹತ್ತನ್ನು ಹೆಕ್ಕಿದರು’ ಅಂದರೆ ಒಂದೊಂದನ್ನೂ ನೋಡಿದರು. ಅರ್ಜಿ ಹಾಕಿದವರಿಗೆ ಈ ಎರಡು ಮಾತು ಒಂದೇ ಅಲ್ಲ.

ಯಾರಿಗೆ ಯಾವುದು

ಫಲಕ, ಔಷಧಿಯ ಚೀಟಿ, ಯಂತ್ರದ ಸೂಚನೆ ಬರೆಯುವವರು ಜಾಗದ ಲೆಕ್ಕ ಬಿಡಿ. ‘ಇನ್ನೊಂದು’ ಕಂಡ ಕಡೆಯೆಲ್ಲ ಆ ವಸ್ತುವಿನ ಹೆಸರೇ ಹಾಕಿ. ಸುದ್ದಿಯ ತಲೆಬರಹಕ್ಕೆ ಅಳತೆ ಇದ್ದರೆ ‘ಅಂತರ’, ಅನ್ಯಾಯ ಇದ್ದರೆ ‘ತಾರತಮ್ಯ’, ಎರಡೂ ಇಲ್ಲದಿದ್ದರೆ ‘ಬೇರೆ’. ಮೂರೂ ಚಿಕ್ಕವೇ. ಶಾಲೆಯ ಮಕ್ಕಳ ಬರಹಕ್ಕೆ ‘ಬೇರೆ’, ‘ವ್ಯತ್ಯಾಸ’ ಎರಡೇ ಸಾಕು. ಅನುವಾದಕರು ಅಂತರ, ಪ್ರತ್ಯೇಕ, ಅಲ್ಲ, ಇಲ್ಲ ಈ ನಾಲ್ಕನ್ನು ಕೊನೆಯ ಓದಿನಲ್ಲಿ ಹುಡುಕಿ ಹುಡುಕಿ ನೋಡಬೇಕು. ಕರಾರು ಬರೆಯುವವರು ‘ಮೊದಲನೆಯವರು’, ‘ಎರಡನೆಯವರು’ ಅಂತ ಶುರುವಿನಲ್ಲೇ ಹೆಸರಿಟ್ಟುಕೊಂಡು ಕೊನೆಯವರೆಗೂ ಅದನ್ನೇ ಹಿಡಿಯಲಿ. ನಡುವೆ ‘ಇನ್ನೊಬ್ಬರು’ ಅಂತ ಬಂದರೆ ಅದು ಮೂರನೆಯವರೂ ಆಗಬಹುದು.

ಅಮ್ಮನ ಚೀಟಿ ಈಗ ಹೀಗಿದೆ. ‘ಬೆಳಗ್ಗೆ: ಬಿಳಿ ಗುಂಡು ಮಾತ್ರೆ 1. ರಾತ್ರಿ: ಹಳದಿ ಉದ್ದ ಮಾತ್ರೆ 1.’ ಬಿಡಿಸಿ ಹೇಳುವ ಪದ ಅದರಲ್ಲಿ ಒಂದೂ ಇಲ್ಲ.